ಡ್ರಮ್ಮು ತುಂಬೈತೆ

ಅವರು ಸತ್ತ ಸುದ್ದಿ ಬಂದಾಗ ನಾನು ಯಾರದೋ ಆಧಾರ್ ಕಾರ್ಡು ಜೆರಾಕ್ಸ್ ಮಾಡುತ್ತಿದ್ದೆ. ಫೋನು ನ್ಯಾಮತಿಯಿಂದ, ಅವರ ಹೆಂಡತಿಯದು. ಅಕ್ಕ ಅಳಲಿಲ್ಲ, ಸುತ್ತಿ ಬಳಸಿ ಹೇಳಲೂ ಇಲ್ಲ. "ನಿಮ್ಮಣ್ಣಾರು ಹೋದ್ರಪ್ಪ, ಬೆಳಗ್ಗೆ ಆರಕ್ಕೆ. ಸಂಜೆ ನಾಕಕ್ಕೆ ಮಣ್ಣು ಮಾಡ್ತಾರೆ. ಚನ್ನಗಿರಿಯಾಗೆ ಹೇಳಾಕೆ ಅಂತ ನಮಗೆ ನೀನೊಬ್ಬನೇ ಇರಾದು" ಅಂದು ಇಟ್ಟುಬಿಟ್ಟರು. ನಾನು ಆ ಕಾರ್ಡಿನ ಒಂದೇ ಮಗ್ಗುಲನ್ನು ಎಂಟು ಸಲ ತೆಗೆದು ಕೊಟ್ಟೆ. ಗಿರಾಕಿ ಬೈದು ಹೋದ.

ಹೋದವರು ಇಲ್ಲಿ ಡ್ರೈವಾಶ್ ಅಂಗಡಿ ಇಟ್ಟಿದ್ದವರು. ಚನ್ನಗಿರಿಯಲ್ಲಿ ಈಗ ಅವರ ಬಗ್ಗೆ ಕೇಳಿ ನೋಡಿ. "ಯಾರು, ಹಾಲೇಶಪ್ಪನ ಕಣ್ಣು ತೆಗೆದೋನಾ?" ಎನ್ನುತ್ತಾರೆ. ಹನ್ನೊಂದು ವರ್ಷ ಊರಿನವರ ಮದುವೆ ಸೀರೆ, ಕೋಟು, ಉಣ್ಣೆ ಶಾಲುಗಳ ಕಲೆ ತೆಗೆದ ಮನುಷ್ಯನಿಗೆ ಊರು ಕೊಟ್ಟ ಬಿರುದು ಇದು. ಶುದ್ಧ ಸುಳ್ಳು. ಸುಳ್ಳೆಂದು ನನಗೆ ಹೇಗೆ ಗೊತ್ತು ಎಂದರೆ, ಆರು ವರ್ಷದಿಂದ ಅದಕ್ಕೆ ಅನ್ನ ಹಾಕಿ ಸಾಕಿದವನು ನಾನೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆಡಿಸಿದ ಕೈಯಿಂದಲೇ ಆ ಹೆಸರು ಬರೆಯಲು ನನಗೆ ನಾಚಿಕೆ.

ಅವರ ಅಂಗಡಿ ಮತ್ತು ನನ್ನ ಜೆರಾಕ್ಸ್ ಅಂಗಡಿಗೆ ನಡುವೆ ಒಂದೇ ಗೋಡೆ. ಎತ್ತರದ ಆಳು, ಸೊರಗಿದ ಮೈ, ಕೈ ಮಾತ್ರ ಬೇರೆ ಯಾರದೋ ತಂದು ಜೋಡಿಸಿದಂತೆ ಬಿಳಿಚಿಕೊಂಡು ಬಿರಿದಿರುತ್ತಿತ್ತು. ಬಟ್ಟೆ ತೊಳೆಯುವ ಎಣ್ಣೆ ಚರ್ಮದ ಜಿಡ್ಡನ್ನೂ ತೊಳೆದುಬಿಡುತ್ತದಂತೆ. ಅದು ಸೀಮೆಎಣ್ಣೆಯ ಜಾತಿಯದೇ, ಟರ್ಪೆಂಟೈನ್. ಅವರು ಅದನ್ನು ಬರೀ ಎಣ್ಣೆ ಎನ್ನುತ್ತಿದ್ದರು. ನಾನು ಮೊದಲ ದಿನ, "ಅಲ್ರೀ ಅಣ್ಣಾರೇ, ಡ್ರೈವಾಶ್ ಅಂತ ಬೋರ್ಡು ಹಾಕೀರಿ, ಒಳಗೆ ನೋಡಿದ್ರೆ ಬಟ್ಟಿ ತೊಪ್ಪನೆ ತೊಯ್ದು ಕುಂತಾವೆ" ಅಂದಿದ್ದೆ. "ನೀರು ತಾಗಿಲ್ಲಪ್ಪ, ಅದಕ್ಕೆ ಡ್ರೈ. ಒಣ ಅಂತ ಅಂದ್ಕಂಡು ಬೀಡಿ ಹಚ್ಚಿದ್ರೆ ನೀನೂ ಡ್ರೈ, ನಾನೂ ಡ್ರೈ" ಅಂದರು. ನಗಿಸಲು ಹೇಳಿದ್ದಲ್ಲ ಅದು, ಮುಖ ನೆಟ್ಟಗಿತ್ತು.

ಬೀಡಿ ಸೇದುವವರನ್ನು ರಸ್ತೆಯ ಆಚೆ ನಿಲ್ಲಿಸುತ್ತಿದ್ದರು. ಒಮ್ಮೆ ಊರಿನ ದೊಡ್ಡ ಮನುಷ್ಯರೊಬ್ಬರು ಮಗನ ಮದುವೆಯ ಸೂಟು ಹಿಡಿದು, ಬಾಯಲ್ಲಿ ಸಿಗರೇಟು ಇಟ್ಟುಕೊಂಡೇ ಮೆಟ್ಟಿಲು ಹತ್ತಿದರು. ಇವರು ಹೊರಗೆ ಓಡಿ ಬಂದು ಕೈ ಮುಗಿದು ನಿಂತರು. ಕೈ ಮುಗಿದದ್ದು ನೋಡಿ ಅವರಿಗೂ ಖುಷಿಯಾಯಿತು. "ಯಜಮಾನ್ರೇ, ಸೂಟು ನಾನು ಆ ಕಡೆಗೇ ಬಂದು ಇಸ್ಕಂತೀನಿ. ನಿಮ್ಮನ್ನ ಬೂದಿ ಮಾಡಿ ಮನಿಗೆ ಕಳಿಸಾಕೆ ನನಗೆ ಮನಸಿಲ್ಲ" ಅಂದರು. ಆ ಯಜಮಾನರು ಮುಂದೆ ಶಿವಮೊಗ್ಗದಲ್ಲೇ ಬಟ್ಟೆ ಒಗೆಸಿಕೊಂಡರು.

ಆಯುಧಪೂಜೆಯ ದಿನ ಇಡೀ ಸಾಲಿನ ಅಂಗಡಿಗಳಲ್ಲಿ ಕರ್ಪೂರ ಉರಿದರೆ ಇವರ ಮಷೀನಿಗೆ ಹೂವು, ಕುಂಕುಮ, ಕುಂಬಳಕಾಯಿ ಅಷ್ಟೇ. ಊದುಬತ್ತಿಯೂ ಇಲ್ಲ. ಕರ್ಪೂರವನ್ನು ರಸ್ತೆಯ ಆಚೆ ಬದಿ, ನಲ್ಲಿ ಕಟ್ಟೆಯ ಮೇಲೆ ಹಚ್ಚಿ, ಅಲ್ಲಿಂದಲೇ ಅಂಗಡಿಗೆ ಬೆಳಗುತ್ತಿದ್ದರು. ನಡುವೆ ಟ್ರ್ಯಾಕ್ಟರು, ಬಸ್ಸು ಹಾದು ಹೋಗುತ್ತಿದ್ದವು. ಊರವರಿಗೆ ಅದೊಂದು ತಮಾಷೆ. ನಾನಂತೂ ಬಸ್ಸಿನವರಿಗೆಲ್ಲ ಮಂಗಳಾರತಿ ಆಯ್ತು ಬಿಡ್ರಿ ಎಂದು ವರ್ಷವೂ ಅಂದಿದ್ದೇನೆ.

ಹಿತ್ತಿಲಿಗೆ ಒಂದು ಚಿಕ್ಕ ಕೋಣೆ ಕಟ್ಟಿಸಿದ್ದರು. ಎರಡು ಕಡೆ ಜಾಲರಿ ಕಿಟಕಿ, ಒಳಗೆ ಲೈಟಿನ ಸ್ವಿಚ್ಚು ಸಹ ಇಲ್ಲ, ಅದು ಹೊರಗೆ. ನೆಲಕ್ಕೆ ಸುತ್ತ ಒಂದು ಗೇಣು ಎತ್ತರ ಸಿಮೆಂಟಿನ ಕಟ್ಟೆ. ಡ್ರಮ್ಮು ಸೋರಿದರೂ ಎಣ್ಣೆ ಆ ತೊಟ್ಟಿಯಲ್ಲೇ ನಿಲ್ಲಬೇಕು, ಚರಂಡಿ ಸೇರಬಾರದು ಎಂದು. ಬಟ್ಟೆಯಿಂದ ಇಳಿದ ಕೊಳೆ ಎಣ್ಣೆಯ ತಳದಲ್ಲಿ ಕರ್ರಗೆ ಗಟ್ಟಿಯಾಗಿ ಕೂರುತ್ತದೆ. ಆ ಗಸಿಯನ್ನು ಕೆರೆದು, ಮುಚ್ಚಳ ಬಿಗಿದ ಡಬ್ಬಿಗಳಲ್ಲಿ ತುಂಬಿ, ಮೇಲೆ ಬಣ್ಣದಲ್ಲಿ 'ಗಸಿ' ಎಂದು ಬರೆದು ಸಾಲಾಗಿ ಇಟ್ಟಿರುತ್ತಿದ್ದರು. ಎಣ್ಣೆ ತರುವ ಗಾಡಿಯವನ ಜೊತೆ ವರ್ಷಗಟ್ಟಲೆ ಜಗಳ ಕಾದು, ಆ ಡಬ್ಬಿಗಳನ್ನು ಅವನೇ ವಾಪಸು ಒಯ್ದು ಅದನ್ನು ಸುಡುವ ಕಾರ್ಖಾನೆಗೆ ಮುಟ್ಟಿಸುವಂತೆ ಒಪ್ಪಿಸಿದ್ದರು. ಗಾಡಿ ಮೂರು ತಿಂಗಳು ಬಾರದಿದ್ದರೆ ಗಸಿ ಮೂರು ತಿಂಗಳು ಅಲ್ಲೇ.

"ರಾತ್ರೋರಾತ್ರಿ ನಾಲೆಗೆ ಸುರಿದ್ರೆ ಯಾರು ಕೇಳ್ತಾರೆ ಅಣ್ಣಾರೇ" ಅಂದಿದ್ದೆ ಒಂದು ದಿನ. ಕೆಲಸ ಬಿಟ್ಟು ನನ್ನನ್ನೇ ನೋಡಿದರು. ಅವರು ಹೊನ್ನಾಳಿಯವರು. ಅವರಪ್ಪ ತುಂಗಭದ್ರಾ ಹೊಳೆಯ ಕಲ್ಲಿನ ಮೇಲೆ ಊರ ಬಟ್ಟೆ ಒಗೆದು ಐದು ಮಕ್ಕಳನ್ನು ಸಾಕಿದವರು. "ಹೊಳಿ ಅಂದ್ರೆ ನಮ್ಮಪ್ಪನ ಅಂಗಡಿ ಕಣಪ್ಪ. ನಾಲೆ ನೀರೂ ಹೋಗಿ ಹೋಗಿ ಯಾವುದೋ ಹೊಳಿಗೇ ಸೇರಾದು. ಅಪ್ಪನ ಅಂಗಡಿಗೆ ವಿಷ ಹಾಕು ಅಂತೀಯಲ್ಲ" ಅಂದರು. ಆಮೇಲೆ ಎರಡು ದಿನ ನನ್ನೊಂದಿಗೆ ಚಹಾ ಕುಡಿಯಲಿಲ್ಲ.

ಇಷ್ಟು ಎಚ್ಚರದ ಮನುಷ್ಯನಿಗೆ ಒಂದು ಊನ ಇತ್ತು. ಮೂಗು ಸತ್ತಿತ್ತು. ವರ್ಷಾನುಗಟ್ಟಲೆ ಆ ಎಣ್ಣೆಯಲ್ಲಿ ಬದುಕಿ, ಮಲ್ಲಿಗೆಯೂ ಒಂದೇ, ಮೆಂತ್ಯವೂ ಒಂದೇ ಆಗಿತ್ತು. ಎಣ್ಣೆ ಸೋರಿದ್ದು ಮೊದಲು ತಿಳಿಯುವುದು ವಾಸನೆಯಿಂದ. ಅದಕ್ಕೆ ದಿನಾ ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ನನ್ನನ್ನು ಕರೆಯುತ್ತಿದ್ದರು. "ಬಾರೋ, ಒಂಚೂರು ಮೂಗು ಕೊಡು." ನಾನು ಹೋಗಿ, ಹಿತ್ತಿಲ ಕೋಣೆಯ ಬಾಗಿಲಲ್ಲಿ ನಿಂತು ಎಳೆದೆಳೆದು ಮೂಸಿ, "ಏನಿಲ್ಲ ಅಣ್ಣಾರೇ" ಎನ್ನಬೇಕು. ಆಮೇಲೇ ಮಷೀನು ಶುರು. ಹನ್ನೊಂದು ವರ್ಷ ಮೂಸಿದ್ದೇನೆ. ನನ್ನ ಮೂಗೂ ಅವರ ಮೂಗಿನ ದಾರಿ ಹಿಡಿದಿತ್ತೆಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಇನ್ನು ಡ್ರಮ್ಮಿನ ಮಾತು. ಎಣ್ಣೆ ಬರುತ್ತಿದ್ದದ್ದು ಗಟ್ಟಿ ಕಬ್ಬಿಣದ ಡ್ರಮ್ಮುಗಳಲ್ಲಿ. ನಮ್ಮ ಕಡೆ ಅಂಥ ಡ್ರಮ್ಮು ಬಂಗಾರ. ಅದರಲ್ಲೂ ಜಗಳೂರು ತಾಲ್ಲೂಕಿನವರಿಗೆ ಹೇಳಲೇಬೇಡಿ. ಟ್ಯಾಂಕರ್ ಬಂದ ದಿನ ಮನೆ ಮುಂದೆ ಎಷ್ಟು ಡ್ರಮ್ಮು ಇದೆಯೋ ಅಷ್ಟು ನೀರು. ಇವರೋ, ಡ್ರಮ್ಮು ಮುಗಿದ ದಿನವೇ ಅದಕ್ಕೆ ನೀರು ತುಂಬಿ ನೆನೆಸಿ, ಮೇಲೆ ತೇಲಿದ ಎಣ್ಣೆಯನ್ನು ಬಳಿದು ಗಸಿಯ ಡಬ್ಬಿಗೆ ಹಾಕಿ, ನೀರು ಇರುವಾಗಲೇ ಮರದ ಕೊಡತಿಯಿಂದ ಹಿತ್ತಾಳೆ ಮೊಳೆ ಬಡಿದು ತೂತು ಹೊಡೆಯುತ್ತಿದ್ದರು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ ಏಳುತ್ತದೆಂದು ಆ ಮೊಳೆಯನ್ನು ಹೇಳಿ ಮಾಡಿಸಿದ್ದರು. ಮೇಲೆ ಆರು ತೂತು, ಕೆಳಗೆ ಆರು. ಯಾರ ಮನೆಗೂ ಒಯ್ಯಲಾಗದಂತೆ ಮಾಡಿ ಆಮೇಲೆ ಗುಜರಿಯವನಿಗೆ. "ತಾನೂ ತಿನ್ನಲ್ಲ, ಪರರಿಗೂ ಬಿಡಲ್ಲ" ಎಂದು ಬೀದಿಯವರೆಲ್ಲ ಆಡಿಕೊಂಡರು. ನಾನೂ ಆಡಿಕೊಂಡೆ.

ನಮ್ಮ ಮನೆಗಳಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವುದಿಲ್ಲ, "ಅಕ್ಕಿ ತುಂಬೈತೆ" ಎನ್ನುತ್ತಾರೆ. ಬಳೆ ಒಡೆದರೆ ಹೆಚ್ಚಿತು, ದೀಪ ಆರಿದರೆ ದೊಡ್ಡದಾಯಿತು. ಇಲ್ಲ ಎಂಬ ಮಾತು ಬಾಯಲ್ಲಿ ಬಂದರೆ ಮನೆಯಲ್ಲೂ ಇಲ್ಲವೇ ಬಂದು ಕೂರುತ್ತದೆಂದು ಹೆಂಗಸರ ನಂಬಿಕೆ. ಇವರೂ ಹಾಗೇ. ಡ್ರಮ್ಮು ಬರಿದಾದ ದಿನ ಎಣ್ಣೆಯವನಿಗೆ ಫೋನು ಮಾಡಿ, "ಡ್ರಮ್ಮು ತುಂಬೈತ್ರಿ, ಇನ್ನೊಂದು ಕಳಿಸ್ರಿ" ಎನ್ನುತ್ತಿದ್ದರು. "ಏನ್ರೀ ಅಣ್ಣಾರೇ, ಹೆಂಗಸ್ರ ಥರ ಮಾತಾಡ್ತೀರಿ" ಎಂದು ಕಾಡಿಸಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ಹೆಂಗಸ್ರು ಹೇಳಾದೇ ಖರೆ ಕಣೋ. ಎಣ್ಣಿ ಮುಗೀತು, ಅದರ ಆವಿ ಎಲ್ಲಿಗೆ ಹೋತು? ಒಳಗೆ ತುಂಬ್ಕಂಡು ಕುಂತಿರ್ತೈತೆ. ಎಣ್ಣಿ ಇರೋ ಡ್ರಮ್ಮಿಗಿಂತ ಖಾಲಿ ಡ್ರಮ್ಮಿಗೇ ನಾನು ಹೆದರಾದು." ನಾನು ನಕ್ಕೆ. ಮಾತಿಗೆ ಮಾತು ಕಟ್ಟಿದರು ಅಂದುಕೊಂಡೆ.

ಆರು ವರ್ಷದ ಹಿಂದಿನ ಬೇಸಿಗೆಯಲ್ಲಿ ಜಗಳೂರು ಕಡೆ ಸೊಕ್ಕೆಗೆ ಕೊಟ್ಟ ನನ್ನ ತಂಗಿ ದಿನಾ ಫೋನು ಮಾಡುತ್ತಿದ್ದಳು. "ಅಣ್ಣಾ, ಟ್ಯಾಂಕರ್ ಬಂದ್ರೆ ಹಿಡಿಯಾಕೆ ಪಾತ್ರಿ ಸಾಲವಲ್ಲವು. ದನಕ್ಕೂ ಬಟ್ಟಿಗೂ ಅಂತ ಒಂದು ಡ್ರಮ್ಮು ಹುಡುಕಿ ಕೊಡೋ. ನಿನ್ನ ಪಕ್ಕದ ಅಂಗಡಿಯಾಗೇ ಇರ್ತಾವಂತಲ್ಲ." ಅವರನ್ನು ಕೇಳಿದೆ. ಆಗಲ್ಲ ಅಂದರು. ಮತ್ತೆ ಕೇಳಿದೆ, ಮತ್ತೆ ಆಗಲ್ಲ ಅಂದರು. ನನಗೂ ಸಿಟ್ಟು ಬಂತು. ಒಡಹುಟ್ಟಿದವಳಿಗೆ ಒಂದು ಡ್ರಮ್ಮು ಕೊಡಿಸಲಾಗದ ಅಣ್ಣ ಎಂಥ ಅಣ್ಣ ಎಂದು ಒಳಗೊಳಗೇ ಉರಿದೆ.

ಅಂಥದರಲ್ಲಿ ಒಂದು ಸಂಜೆ ಅವರಿಗೆ ಸಂತೇಬೆನ್ನೂರಿನಲ್ಲಿ ಹತ್ತಿರದವರ ಮದುವೆ. ಬಸ್ಸಿಗೆ ಹೊತ್ತಾಗಿತ್ತು. ಕೀಲಿಕೈ ನನ್ನ ಕೈಗೆ ಕೊಟ್ಟು, "ನಾಳೆ ಮಧ್ಯಾಹ್ನ ಬರ್ತೀನಿ. ಬೆಳಗ್ಗೆ ಒಂದು ಸಲ ಮೂಸಿ ನೋಡು. ಹಿತ್ತಲಾಗೆ ಒಂದು ಡ್ರಮ್ಮು ತುಂಬೈತೆ, ಬಂದು ನೋಡ್ಕಂತೀನಿ, ಮುಟ್ಟಬ್ಯಾಡ" ಅಂದು ಓಡಿದರು. ಅವರು ಬೇರೆಯವರಿಗೆ ಕೀಲಿ ಕೊಟ್ಟಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಕೊಟ್ಟರು. ನನ್ನ ಕಿವಿಗೆ ಬಿದ್ದದ್ದು ಮಾತ್ರ ನನ್ನ ಅವ್ವನ ಅಡುಗೆಮನೆಯ ಮಾತು. ತುಂಬೈತೆ ಅಂದರೆ ಖಾಲಿ. ಖಾಲಿ ಅಂದರೆ ಇನ್ನೂ ತೂತು ಬಿದ್ದಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದೆ. ಡ್ರಮ್ಮು ಉರುಳಿಸಿಕೊಂಡು ನಲ್ಲಿಗೆ ತಂದು ಸೋಪಿನ ಪುಡಿ ಹಾಕಿ ಎರಡು ಸಲ ತೊಳೆದೆ, ನೀರು ಚೆಲ್ಲಿದೆ, ಬಾಯಿಗೆ ಮೂಗಿಟ್ಟು ಮೂಸಿದೆ. ಏನೂ ವಾಸನೆಯಿಲ್ಲ. ಕೆಳಗೊಂದು ನಲ್ಲಿ ಕೂರಿಸಿದರೆ ತಂಗಿಗೆ ಬಗ್ಗುವ ತ್ರಾಸವೂ ತಪ್ಪುತ್ತದೆ ಎಂದು ಹಾಲೇಶಪ್ಪನ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಹಾಲೇಶಪ್ಪ ನನ್ನ ಶಾಲೆಯ ದೋಸ್ತ. ಒಂದೇ ಬೆಂಚು, ಒಂದೇ ಪೆಟ್ಟು.

ಅವನು ಡ್ರಮ್ಮು ನೋಡಿದವನೇ ರಾಡು ಕೆಳಗಿಟ್ಟ. "ಇದು ಡ್ರೈವಾಶ್‌ನೋರ ಡ್ರಮ್ಮಲ್ಲೇನೋ? ಅವರು ತೂತು ಹೊಡೀದೆ ಕೊಡಲ್ಲಲ್ಲ."

"ಅವರೇ ಕೊಟ್ರು" ಅಂದೆ. "ತೊಳೆದು, ಎಲ್ಲಾ ನೋಡಿ ಕೊಟ್ಟಾರೆ. ತಂಗಿಗೆ ಅಂತ ಬಹಳ ಕೇಳಿದ್ದೆ."

"ಅವರು ನೋಡಿ ಕೊಟ್ಟಾರಂದ್ರೆ ಮುಗೀತು ಬಿಡು" ಅಂದ ಹಾಲೇಶಪ್ಪ. "ಆ ಮನುಷ್ಯ ನಮ್ಮಪ್ಪನಿಗಿಂತ ಹೆದರುಪುಕ್ಕಲ."

ನಾನು ಚಹಾ ತರಲು ರಸ್ತೆ ದಾಟಿದೆ. ಎರಡು ಗ್ಲಾಸು ಕೈಯಲ್ಲಿ ಹಿಡಿದು ತಿರುಗಿದ್ದೆ ಅಷ್ಟೇ. ಅದು ಶಬ್ದ ಎಂದು ನನಗೆ ಕೇಳಿಸಲೇ ಇಲ್ಲ, ಎದೆಗೆ ಯಾರೋ ಹಲಗೆಯಿಂದ ಹೊಡೆದಂತಾಯಿತು. ಡ್ರಮ್ಮಿನ ತಳ ಕಿತ್ತು ಎದುರು ಗೋಡೆಗೆ ಅಪ್ಪಳಿಸಿ ರಸ್ತೆಯ ಮಧ್ಯೆ ಬಂದು ಗಿರಗಿರ ತಿರುಗುತ್ತಿತ್ತು. ಜನ ಓಡುತ್ತಿದ್ದರು. ಹಾಲೇಶಪ್ಪ ಅಂಗಡಿಯ ಒಳಗೆ ಕುಕ್ಕರುಗಾಲಲ್ಲಿ ಕೂತಲ್ಲೇ ಕೂತಿದ್ದ, ಮುಖದ ಮೇಲೆ ಎರಡೂ ಕೈ. ಬೆರಳ ಸಂದಿಯಿಂದ ರಕ್ತ. "ಏನಾತು? ಏನಾತೋ?" ಎಂದು ಮೆಲ್ಲಗೆ ಕೇಳುತ್ತಿದ್ದ. ನಾನು ಚಹಾ ಗ್ಲಾಸು ಹಿಡಿದುಕೊಂಡೇ ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ ಇವತ್ತಿಗೂ ತಿಳಿಯದು.

ಬಲಗಣ್ಣು ಹೋಯಿತು. ಬಲಗೈಯ ಎರಡು ಬೆರಳು ಮಡಚದಂತಾದವು. ಜೀವ ಉಳಿದದ್ದೇ ಹೆಚ್ಚು ಎಂದರು ಡಾಕ್ಟರು.

ಮಧ್ಯಾಹ್ನ ಮದುವೆಯ ಅಕ್ಕಿಕಾಳು ಇನ್ನೂ ತಲೆಯಲ್ಲಿರುವಂತೆಯೇ ಅವರು ಬಸ್ಸಿಳಿದು ಬಂದರು. ಪೊಲೀಸರು ಅವರ ಅಂಗಡಿಯ ಮುಂದೆಯೇ ಇದ್ದರು. ನಾನೂ ಇದ್ದೆ. ಬೀದಿಗೆ ಬೀದಿಯೇ ಇತ್ತು. "ಹಾಲೇಶಪ್ಪ ಹೇಳ್ತಾನೆ, ಈ ಡ್ರಮ್ಮು ನೀವೇ ಕೊಟ್ಟಿದ್ದಂತೆ, ಹೌದಾ?" ಎಂದು ಕೇಳಿದರು. ಅವರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆಗೆಯಬೇಕಿತ್ತು. ಅವರ ಮುಖದಲ್ಲಿ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಹಿತ್ತಿಲ ಕಡೆ ಒಮ್ಮೆ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಹೂನ್ರಿ, ನಾನೇ ಕೊಟ್ಟೆ" ಅಂದರು.

ಆ ಡ್ರಮ್ಮು ಸಿಡಿದಾಗ ಬೆಚ್ಚಿದ್ದಕ್ಕಿಂತ ಹೆಚ್ಚು ನಾನು ಆ ಮಾತಿಗೆ ಬೆಚ್ಚಿದೆ. ಅವರ ಬಾಯಲ್ಲಿ ಸುಳ್ಳು ಕೇಳಿದ್ದು ಅದೇ ಮೊದಲು. ನಾನು ಹಾಲೇಶಪ್ಪನಿಗೆ ಹೇಳಿದ ಸುಳ್ಳನ್ನೇ ಅವರು ಸರ್ಕಾರಕ್ಕೆ ಹೇಳಿ ಸಹಿ ಹಾಕಿದರು.

ಕೇಸು, ಓಡಾಟ ಎಲ್ಲಾ ಆಯಿತು. ಜನ ಒಂದು ಮಾತು ಹಿಡಿದುಕೊಂಡರು. ತಿಳಿಯದವನು ಕೊಟ್ಟಿದ್ದರೆ ಬೇರೆ, ಇವನು ಎಲ್ಲಾ ತಿಳಿದವನು, ಗೊತ್ತಿದ್ದೂ ಕೊಟ್ಟ. ಅವರು ಹಾಲೇಶಪ್ಪನ ಮನೆಗೆ ಹೋದರೆ ಅವನ ತಾಯಿ ಬಾಗಿಲಿಗೆ ಅಡ್ಡ ನಿಂತು, "ನಿನ್ನ ಮುಖ ತೋರಿಸಬ್ಯಾಡ, ನನ್ನ ಮಗನಿಗೆ ಇರಾದು ಒಂದೇ ಕಣ್ಣು" ಅಂದಳಂತೆ. ಅವರು ಅಂಗಳದಿಂದಲೇ ಕೈ ಮುಗಿದು ಬಂದರು. ಮರುದಿನ ಬೆಳಿಗ್ಗೆ ಎಂದಿನಂತೆ ನನ್ನನ್ನು ಕರೆದರು. "ಬಾರೋ, ಮೂಗು ಕೊಡು." ನನಗೆ ಹೋಗಲು ಆಗಲಿಲ್ಲ. ಅಂಗಡಿಯೊಳಗೆ ಕೂತು ಬಾಯಿಗೆ ಟವೆಲ್ಲು ತುರುಕಿಕೊಂಡು ಅತ್ತೆ.

ಅಂಗಡಿ ಮುಚ್ಚಿ ಹೆಂಡತಿಯ ಊರು ನ್ಯಾಮತಿಗೆ ಹೊರಟ ದಿನವೂ ಕೆಲಸ ಕೆಲಸವೇ. ಕೊನೆಯ ಗಸಿಯ ಡಬ್ಬಿಯನ್ನು ಗಾಡಿಗೆ ಹತ್ತಿಸಿ, ತೊಟ್ಟಿಯನ್ನು ಮರಳು ಹಾಕಿ ಒರೆಸಿ, ಆ ಮರಳನ್ನೂ ಡಬ್ಬಿಗೆ ತುಂಬಿ ಕಳಿಸಿದರು. ಅವತ್ತು ನಾನು ಕಾಲು ಹಿಡಿದುಕೊಂಡೆ. "ಯಾಕ್ರಿ ಹಂಗಂದ್ರಿ? ನಾನು ಕದ್ದಿದ್ದು ಅಂತ ಗೊತ್ತಿತ್ತಲ್ಲ" ಅಂದೆ.

"ಎದ್ದೇಳೋ" ಅಂದರು. "ತೂತು ಹೊಡೀದೆ ಬಸ್ಸು ಹತ್ತಿದೋನು ನಾನು. ಕೀಲಿ ಕೊಟ್ಟೋನು ನಾನು. ತುಂಬೈತೆ ಅಂತ ಬಾಯಿ ತಪ್ಪಿ ಅಂದೋನೂ ನಾನೇ. ಅದರಾಗೆ ವಿಷ ಐತೆ, ಸಾಯ್ತೀ ಅನ್ನಬೇಕಿತ್ತು."

"ಆದ್ರೂ ಕದ್ದಿದ್ದು ನಾನು."

ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಹಾಲೇಶಿ ಇನ್ನ ವೆಲ್ಡಿಂಗ್ ಮಾಡಾಕಾಗಲ್ಲ. ಅವನು ಎಲ್ಲಿಗೆ ಹೋಗ್ತಾನೆ? ನಿನ್ನ ಹತ್ರಾನೇ ಬರ್ತಾನೆ. ಕಣ್ಣೂ ಹೋಗಿ ದೋಸ್ತನೂ ಹೋದ್ರೆ ಅವನು ಬದುಕಾದು ಹೆಂಗೆ? ನನ್ನನ್ನ ಬೈಕಂಡು ಇರ್ಲಿ ಬಿಡು. ನಾನು ಇನ್ನೊಂದು ಊರಾಗೆ ಇರ್ತೀನಿ, ಕೇಳಿಸಲ್ಲ" ಅಂದರು. ಕಾಲು ಬಿಡಿಸಿಕೊಂಡು ಹೋಗಿ ಷಟರ್ ಎಳೆದರು.

ಅವರು ಹೇಳಿದಂತೆಯೇ ಆಯಿತು. ಹಾಲೇಶಪ್ಪ ನನ್ನ ಅಂಗಡಿಗೇ ಬಂದ. ಆರು ವರ್ಷದಿಂದ ಲ್ಯಾಮಿನೇಶನ್ ಮಷೀನಿನ ಮುಂದೆ ಕೂರುತ್ತಾನೆ. ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತೇವೆ. ಯಾರಾದರೂ ಕಣ್ಣಿನ ಮಾತು ತೆಗೆದರೆ ಅವನು ಅವರ ಹೆಸರು ಹಿಡಿದು ಬೈಯುತ್ತಾನೆ, ನಾನು ಪೇಪರು ಎಣಿಸುತ್ತೇನೆ. ಎಷ್ಟು ಸಲ ಹೇಳಬೇಕೆಂದು ಬಾಯಿ ತೆರೆದೆನೋ. ಅವರೇ ಬೇಡವೆಂದಿದ್ದಾರಲ್ಲ ಎಂಬ ನೆಪ ಯಾವಾಗಲೂ ಕೈಗೆಟಕುವಂತಿತ್ತು. ಅವರ ದೊಡ್ಡತನವನ್ನು ನನ್ನ ಹೇಡಿತನಕ್ಕೆ ಚಾದರದಂತೆ ಹೊದ್ದು ಮಲಗಿದೆ.

ಅವತ್ತು ಫೋನು ಬಂದಾಗ ಹಾಲೇಶಪ್ಪ ಯಾರದೋ ಅಂಕಪಟ್ಟಿಗೆ ಲ್ಯಾಮಿನೇಶನ್ ಹಾಕುತ್ತಿದ್ದ. "ಯಾರದು ಫೋನು?" ಅಂದ.

"ಡ್ರೈವಾಶ್ ಅಣ್ಣಾರು ತೀರ್ಕಂಡ್ರಂತೆ."

"ಹೋದ್ನಾ" ಅಂದ. ಅಷ್ಟೇ. ಅಂಕಪಟ್ಟಿಯ ಅಂಚು ಕತ್ತರಿಸತೊಡಗಿದ.

ಆ 'ಹೋದ್ನಾ' ನನ್ನನ್ನು ಇರಿಯಿತು. ಬಾಗಿಲು ಅರ್ಧ ಎಳೆದು ಬಂದು ಅವನೆದುರು ಸ್ಟೂಲಿನ ಮೇಲೆ ಕೂತೆ. ಕೀಲಿಯಿಂದ ಶುರು ಮಾಡಿ, ತೊಳೆದದ್ದು, ಮೂಸಿದ್ದು, ಅವರೇ ಕೊಟ್ರು ಎಂದು ಅವನಿಗೆ ಹೇಳಿದ್ದು, ಅವರು ಪೊಲೀಸರಿಗೆ ಹೇಳಿದ್ದು, ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಾ ನನಗೆ ಹೇಳಿದ್ದು, ಒಂದೂ ಬಿಡದೆ ಹೇಳಿದೆ. ಅವನು ಇದ್ದ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದು ಮುಖ ಮುಂದೆ ಮಾಡಿ ಕೂತಿದ್ದೆ. "ನಮ್ಮವ್ವ ಅವರನ್ನ ಅಂಗಳದಾಗೆ ನಿಲ್ಲಿಸಿ ಕಳಿಸಿದ್ಲು" ಅಂದ. ಮತ್ತೆ ಅದನ್ನೇ ಅಂದ.

ಆಮೇಲೆ ಎದ್ದು ಮಷೀನಿನ ಸ್ವಿಚ್ಚು ಆರಿಸಿದ. ಅಂಕಪಟ್ಟಿಯನ್ನು ಕವರಿಗೆ ಹಾಕಿ ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಮೊಳೆಗೆ ನೇತುಹಾಕಿದ್ದ ಟವೆಲ್ಲು ತೆಗೆದು ಹೆಗಲ ಮೇಲೆ ಹಾಕಿಕೊಂಡ.

"ನ್ಯಾಮತಿಗೆ ಬಸ್ಸು ಎಷ್ಟೊತ್ತಿಗೈತೆ?"

"ಹನ್ನೊಂದೂವರೆಗೆ. ಹೊನ್ನಾಳಿ ಮ್ಯಾಲೆ ಹೋಗ್ತೈತೆ, ಮಣ್ಣಿಗೆ ಸಿಗ್ತೀವಿ" ಎಂದು ನಾನೂ ಎದ್ದು ಚಪ್ಪಲಿ ಮೆಟ್ಟಿದೆ.

ಹಾಲೇಶಪ್ಪ ನನ್ನ ಕಾಲಿನ ಕಡೆ ನೋಡಿದ.

"ನೀ ಬರಬ್ಯಾಡ" ಅಂದ.